ಕೀತೋದಲ್ಲಿ ಚಿನ್ನದ ಕೆಳಗಿನ ಮರ ನೋಡುವ ಬಗೆ

ನಮ್ಮದು ಸಾಗರ. ಅಪ್ಪ ಶ್ರೀಗಂಧದ ಕೆತ್ತನೆ ಮಾಡುತ್ತಿದ್ದರು. ನಾನೂ 32 ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಅಕ್ಕನ ಮಗ ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದಾನೆ. ಅವನ ಮನೆಗೆ ಹೋಗಿದ್ದಾಗ ಒಂದು ರಾತ್ರಿ ಫೋನಿನಲ್ಲಿ ಒಂದು ವಿಗ್ರಹದ ಫೋಟೋ ತೋರಿಸಿದ. "ಮಾವ, ಇದು ಯಾವುದರಲ್ಲಿ ಮಾಡಿದ್ದು, ಹೇಳಿ ನೋಡೋಣ" ಅಂದ. ಕೆನ್ನೆಯ ಹೊಳಪು ನೋಡಿ ಪಿಂಗಾಣಿ ಅಂದೆ. ಮರ ಅಂದ. ನನಗೆ ನಿದ್ದೆ ಬರಲಿಲ್ಲ. ಮುಂದಿನ ತಿಂಗಳು ಇಬ್ಬರೂ ವಿಮಾನ ಹತ್ತಿದೆವು.

ಆ ವಿಗ್ರಹ ಇರುವ ಊರು ಈಕ್ವೆಡಾರ್ ದೇಶದ ರಾಜಧಾನಿ. ನಕ್ಷೆಯಲ್ಲಿ ಕ್ವಿಟೋ ಅಂತ ಓದುತ್ತೇವೆ, ಅಲ್ಲಿಯವರು ಕೀತೋ ಅನ್ನುತ್ತಾರೆ. ಆಂಡಿಸ್ ಬೆಟ್ಟಸಾಲಿನಲ್ಲಿ, ಪಿಚಿಂಚಾ ಅನ್ನುವ ಜ್ವಾಲಾಮುಖಿಯ ಬುಡದಲ್ಲಿ ಉದ್ದಕ್ಕೆ ಹಬ್ಬಿದ ಊರು. ಸ್ಪೇನಿನವರು ಬರುವ ಮೊದಲು ಅದು ಇಂಕಾ ದೊರೆಗಳ ಊರಾಗಿತ್ತು. ಅವರ ದಂಡನಾಯಕ ರೂಮಿನ್ಯಾವಿ ಊರನ್ನು ಶತ್ರುವಿನ ಕೈಗೆ ಕೊಡಬಾರದೆಂದು ಸುಟ್ಟುಹಾಕಿದ. ಆ ಬೂದಿಯ ಮೇಲೆ 1534ರ ಡಿಸೆಂಬರ್ 6ರಂದು ಸ್ಪೇನಿನವರು ತಮ್ಮ ಊರು ಕಟ್ಟಲು ಶುರು ಮಾಡಿದರು. 1978ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಮೊದಲ ಸಲ ಹೊರಬಂದಾಗ ಅದರಲ್ಲಿದ್ದ 12 ಜಾಗಗಳಲ್ಲಿ ಕೀತೋ ಕೂಡ ಒಂದು.

ಹೆಚ್ಚಿನವರು ಇಲ್ಲಿಗೆ ಒಂದು ದಿನಕ್ಕೆ ಬರುತ್ತಾರೆ. ಚಿನ್ನದ ಚರ್ಚ್ ನೋಡಿ, ಫೋಟೋ ತೆಗೆದು, ಗಲಾಪಗೋಸ್ ದ್ವೀಪಕ್ಕೋ ಅಮೆಜಾನ್ ಕಾಡಿಗೋ ಹೋಗಿಬಿಡುತ್ತಾರೆ. ನಾವು ಎಂಟು ದಿನ ಹಳೇ ಊರಲ್ಲೇ ಇದ್ದೆವು. ಒಂದು ಚರ್ಚ್‌ನಿಂದ ಇನ್ನೊಂದಕ್ಕೆ ಹತ್ತು ನಿಮಿಷದ ನಡಿಗೆ. ಕೈಕೆಲಸದ ಮೇಲೆ ಪ್ರೀತಿ ಇರುವವರು ಆ ಊರನ್ನು ಹೇಗೆ ನೋಡಬಹುದು ಅಂತ ನನಗೆ ತಿಳಿದಷ್ಟು ಹೇಳುತ್ತೇನೆ.

ಹೊರಡುವ ಮೊದಲು

ಭಾರತದಿಂದ ನೇರ ವಿಮಾನ ಇಲ್ಲ. ಆಮ್‌ಸ್ಟರ್‌ಡ್ಯಾಮ್, ಮ್ಯಾಡ್ರಿಡ್ ಮೇಲೆ ಹೋಗಬಹುದು, ಇಲ್ಲವೇ ಅಮೆರಿಕದ ಮೇಲೆ. ಅಮೆರಿಕದಲ್ಲಿ ವಿಮಾನ ಬದಲಿಸುವುದಕ್ಕೂ ನಮಗೆ ಅಲ್ಲಿಯ ವೀಸಾ ಬೇಕು, ಅದು ನೆನಪಿರಲಿ. ಈಕ್ವೆಡಾರ್ ವೀಸಾದ ನಿಯಮ ಬದಲಾಗುತ್ತಿರುತ್ತದೆ. ಟಿಕೆಟ್ ತೆಗೆಯುವ ಮೊದಲೇ ಅವರ ರಾಯಭಾರ ಕಚೇರಿಯಲ್ಲಿ ಕೇಳಿಕೊಳ್ಳಿ.

ತುಂಬ ಜನ ಮರೆಯುವ ಸಂಗತಿ ಹಳದಿ ಜ್ವರದ ಲಸಿಕೆ. ಈಕ್ವೆಡಾರ್‌ನಿಂದ ವಾಪಸ್ ಬರುವವರ ಹತ್ತಿರ ಭಾರತದ ವಿಮಾನ ನಿಲ್ದಾಣದಲ್ಲಿ ಅದರ ಪ್ರಮಾಣಪತ್ರ ಕೇಳುತ್ತಾರೆ. ಇಲ್ಲದಿದ್ದರೆ ಪ್ರತ್ಯೇಕವಾಗಿ ಇರಿಸುತ್ತಾರೆ. ಲಸಿಕೆ ಹಾಕಿಸಿಕೊಂಡು 10 ದಿನ ಆದ ಮೇಲೆ ಆ ಪತ್ರಕ್ಕೆ ಬೆಲೆ ಬರುತ್ತದೆ. ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಹಾಗಾಗಿ ಒಂದು ತಿಂಗಳು ಮೊದಲೇ ವಿಚಾರಿಸಿ.

ದುಡ್ಡಿನ ವಿಷಯ ಸುಲಭ. 2000ದಿಂದ ಅಲ್ಲಿ ಅಮೆರಿಕದ ಡಾಲರೇ ನಡೆಯುವುದು. ಚಿಲ್ಲರೆಗೆ ಅವರದೇ ನಾಣ್ಯಗಳೂ ಇವೆ. ಆದರೆ 50, 100ರ ನೋಟು ಕೊಟ್ಟರೆ ಅಂಗಡಿಯವರು ತೆಗೆದುಕೊಳ್ಳುವುದಿಲ್ಲ. 1, 5, 10ರ ನೋಟುಗಳನ್ನೇ ಒಯ್ಯಿರಿ.

ಇನ್ನೊಂದು ವಸ್ತು ಮರೆಯದೆ ಚೀಲಕ್ಕೆ ಹಾಕಿ. ಒಂದು ಸಣ್ಣ ದುರ್ಬೀನು. ಹಕ್ಕಿ ನೋಡುವವರ ಹತ್ತಿರ ಇರುತ್ತದಲ್ಲ, ಅದು. ಅಲ್ಲಿಯ ಒಳ್ಳೆಯ ಕೆಲಸವೆಲ್ಲ ತಲೆಯ ಮೇಲೆ, ದೂರದಲ್ಲಿ, ಅರೆಗತ್ತಲಲ್ಲಿ ಇದೆ. ದುರ್ಬೀನು ಇಲ್ಲದೆ ಹೋದರೆ ಬರೀ ಹೊಳಪು ಕಾಣುತ್ತದೆ, ಉಳಿಯ ಗುರುತು ಕಾಣುವುದಿಲ್ಲ.

ಬೆಟ್ಟದ ಗಾಳಿ

ಕೀತೋ ಇರುವುದು 2850 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಇನ್ನೂ 900 ಮೀಟರ್ ಮೇಲೆ. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ದಂಡೆಯಲ್ಲಿ ಸಿಗುವುದಕ್ಕಿಂತ ಕಾಲು ಭಾಗಕ್ಕೂ ಜಾಸ್ತಿ ಕಡಿಮೆ. ಮೊದಲ ದಿನ ನಾನು ಮಹಡಿ ಹತ್ತುವಾಗ 14ನೇ ಮೆಟ್ಟಿಲಲ್ಲಿ ನಿಂತೆ. ಎದೆ ಡೋಲಿನ ಹಾಗೆ ಬಡಿದುಕೊಳ್ಳುತ್ತಿತ್ತು. ಸಂಜೆ ಹೊತ್ತಿಗೆ ಹಣೆ ಬಿಗಿದು ಹಿಡಿಯಿತು.

ಮೊದಲ ದಿನ ಏನನ್ನೂ ನೋಡಬೇಡಿ. ನೀರು ಕುಡಿಯಿರಿ, ಊಟ ಕಡಿಮೆ ಮಾಡಿ, ಮದ್ಯ ಮುಟ್ಟಬೇಡಿ, ಬೇಗ ಮಲಗಿ. ನಾವಿದ್ದ ಮನೆಯಾಕೆ ಸೆದ್ರೋನ್ ಅನ್ನುವ ಎಲೆಯ ಕಷಾಯ ಕೊಟ್ಟರು. ನಿಂಬೆಹುಲ್ಲಿನಂಥ ಪರಿಮಳ. ಕುಡಿದರೆ ಹಾಯೆನ್ನಿಸುತ್ತದೆ. ಎರಡನೇ ದಿನಕ್ಕೆ ತಲೆ ಹಗುರಾಯಿತು, ಮೂರನೇ ದಿನ ಏರು ಹತ್ತಿದೆ. ಹೃದಯದ ತೊಂದರೆ, ಉಬ್ಬಸ ಇರುವವರು ಊರಲ್ಲೇ ವೈದ್ಯರನ್ನು ಕೇಳಿ ಹೊರಡಬೇಕು.

ಭೂಮಧ್ಯರೇಖೆ ಪಕ್ಕದಲ್ಲೇ ಇರುವುದರಿಂದ ವರ್ಷವಿಡೀ ಬೆಳಗ್ಗೆ ಆರರ ಸುಮಾರಿಗೆ ಬೆಳಕು, ಸಂಜೆ ಆರೂವರೆಗೆ ಕತ್ತಲು. ಮಧ್ಯಾಹ್ನ 20 ಡಿಗ್ರಿ, ರಾತ್ರಿ 10ರ ಆಸುಪಾಸು. ಒಂದೇ ದಿನದಲ್ಲಿ ಬಿಸಿಲು, ಮಳೆ, ಚಳಿ ಮೂರೂ ಬರುತ್ತವೆ. ಚಳಿ ಇದೆಯೆಂದು ಟೋಪಿ ಬಿಡಬೇಡಿ. ಆ ಎತ್ತರದ ಬಿಸಿಲು ಮುಖ ಸುಟ್ಟುಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಮಳೆ ಕಡಿಮೆ. ಉಳಿದ ತಿಂಗಳಲ್ಲಿ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಬೆಳಗ್ಗೆ ಹೊರಗಿನ ಕಲ್ಲಿನ ಕೆಲಸ, ಮಧ್ಯಾಹ್ನ ಒಳಗಿನ ಮರದ ಕೆಲಸ ಅಂತ ಹಂಚಿಕೊಂಡರೆ ದಿನ ಹಾಳಾಗುವುದಿಲ್ಲ.

ನೋಡುವ ಮೊದಲು ಇದು ತಿಳಿದಿರಲಿ

ನಾನು ಎಲ್ಲಕ್ಕಿಂತ ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಅಲ್ಲಿಯ ವಿಗ್ರಹ ಹೇಗೆ ಆಗುತ್ತದೆ ಅನ್ನುವ ಕ್ರಮ ತಿಳಿದುಕೊಂಡು ಹೋಗಿ. ಕ್ರಮ ಗೊತ್ತಿದ್ದರೆ ಒಂದು ವಿಗ್ರಹದ ಮುಂದೆ ಅರ್ಧ ಗಂಟೆ ನಿಲ್ಲುತ್ತೀರಿ. ಗೊತ್ತಿಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಇಡೀ ಚರ್ಚ್ ಮುಗಿದುಹೋಗುತ್ತದೆ.

ಮರ ಹೆಚ್ಚಾಗಿ ಸೆದ್ರೋ. ಹೆಸರು ದೇವದಾರಿನ ಹೆಸರಿನಂತೆ ಕೇಳಿಸಿದರೂ ಅದು ನಮ್ಮ ಬೇವಿನ ಬಳಗದ್ದು. ಕೆಂಪು ಛಾಯೆ, ಹಗುರ, ಒಳ್ಳೆಯ ವಾಸನೆ, ಹುಳು ಹತ್ತಿರ ಸುಳಿಯುವುದು ಕಡಿಮೆ. ತಲೆ, ಕೈ, ಮೈ ಬೇರೆ ಬೇರೆ ತುಂಡಿನಲ್ಲಿ ಕೆತ್ತಿ ಕೂಡಿಸುತ್ತಾರೆ. ದೊಡ್ಡ ವಿಗ್ರಹವಾದರೆ ಬೆನ್ನಿನ ಕಡೆಯಿಂದ ಒಳಗನ್ನು ತೋಡಿ ಟೊಳ್ಳು ಮಾಡುತ್ತಾರೆ. ಇಲ್ಲದಿದ್ದರೆ ಮರ ಒಣಗುತ್ತಾ ಸೀಳುತ್ತದೆ. ನಾವು ಗಂಧದ ದೊಡ್ಡ ಕೊರಡಿನಲ್ಲಿ ಪಡುವ ಕಷ್ಟವೂ ಇದೇ.

ಆಮೇಲೆ ಮುಖವನ್ನು ಮುಖವಾಡದ ಹಾಗೆ ಸೀಳಿ ತೆಗೆಯುತ್ತಾರೆ. ಹಿಂದಿನಿಂದ ಕಣ್ಣಿನ ಗುಳಿ ಕೊರೆದು, ಗಾಜಿನ ಕಣ್ಣು ಕೂರಿಸಿ, ಮುಖವನ್ನು ಮತ್ತೆ ಅಂಟಿಸುತ್ತಾರೆ. ಕಿವಿಯ ಮುಂದೆ ಒಂದು ಕೂದಲೆಳೆಯಷ್ಟು ಗೆರೆ ಕಂಡರೆ ಅದೇ ಆ ಕೂಡು. ಎಂಟು ದಿನದಲ್ಲಿ ಅದು ನನ್ನ ಕಣ್ಣಿಗೆ ಬಿದ್ದದ್ದು ಎರಡೇ ಕಡೆ. ಅಷ್ಟು ನಯವಾಗಿ ಮುಚ್ಚಿದ್ದಾರೆ.

ಮರದ ಮೇಲೆ ಬಿಳಿ ಪುಡಿ ಮತ್ತು ಪ್ರಾಣಿಯ ಸರೇಸು ಕಲಸಿದ ಲೇಪ. ಮೈಸೂರು ಶೈಲಿಯ ಚಿತ್ರಗಳಲ್ಲಿ ಒಡವೆ ಉಬ್ಬಿಸುವುದಕ್ಕೆ ಗೆಸ್ಸೋ ಹಾಕುತ್ತಾರಲ್ಲ, ಆ ಜಾತಿಯದು. ಬಟ್ಟೆಯ ಭಾಗಕ್ಕೆ ಅದರ ಮೇಲೆ ಕೆಂಪು ಜೇಡಿ, ಜೇಡಿಯ ಮೇಲೆ ಚಿನ್ನದ ರೇಕು. ರೇಕನ್ನು ಅಗೇಟ್ ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಾರೆ. ಆ ಚಿನ್ನದ ಮೇಲೆ ಪೂರ್ತಿ ಬಣ್ಣ ಬಳಿದುಬಿಡುತ್ತಾರೆ! ಬಣ್ಣ ಒಣಗಿದ ಮೇಲೆ ಮೊನೆಯಿಂದ ಕೆರೆದು ಹೂವು, ಬಳ್ಳಿ ಬಿಡಿಸುತ್ತಾರೆ. ಕೆರೆದ ಕಡೆಯೆಲ್ಲ ಒಳಗಿನ ಚಿನ್ನ ಕಾಣುತ್ತದೆ. ಸೀರೆಯ ಜರಿ ಅನ್ನಿಸುವುದು ಅದಕ್ಕೇ. ಕೆಲವು ಕಡೆ ಚಿನ್ನದ ಬದಲು ಬೆಳ್ಳಿಯ ರೇಕು ಹಾಕಿ, ಅದರ ಮೇಲೆ ತೆಳು ಕೆಂಪು, ತೆಳು ಹಸಿರು ಎಳೆಯುತ್ತಾರೆ. ದೀಪ ಹಾಕಿದಾಗ ಆ ಹಸಿರು ಒಳಗಿನಿಂದ ಬೆಳಗುತ್ತದೆ.

ಚರ್ಮದ ಭಾಗಕ್ಕೆ ಬೇರೆ ಕೆಲಸ. ಎಣ್ಣೆ ಬಣ್ಣ ಹಚ್ಚಿ, ಕುರಿಯ ಮೂತ್ರಕೋಶದ ತೆಳು ಪೊರೆಯಿಂದ ಮತ್ತೆ ಮತ್ತೆ ಉಜ್ಜುತ್ತಾರೆ. ಪದರದ ಮೇಲೆ ಪದರ. ನಾನು ಪಿಂಗಾಣಿ ಅಂದುಕೊಂಡದ್ದು ಈ ಹೊಳಪನ್ನು. ಸ್ಪ್ಯಾನಿಷ್‌ನಲ್ಲಿ ಇದಕ್ಕೆ ಎನ್‌ಕಾರ್ನಾದೋ ಅನ್ನುತ್ತಾರೆ, ಅಂದರೆ ಮಾಂಸದ ಬಣ್ಣ ತುಂಬಿದ್ದು. ವಿಧಾನ ಸ್ಪೇನಿನಿಂದ ಬಂದದ್ದು, ಆದರೆ ಕೀತೋದ ಕುಶಲಕರ್ಮಿಗಳು ಅದನ್ನು ಎತ್ತಿದ ಮಟ್ಟವೇ ಬೇರೆ. ಕೀತೋ ಶೈಲಿ ಅಂತ ಕಲೆಯ ಪುಸ್ತಕಗಳಲ್ಲಿ ಬರುವುದು ಇದೇ.

ಸಾನ್ ಫ್ರಾನ್ಸಿಸ್ಕೋಗೆ ಎರಡು ದಿನ

ಸಾನ್ ಫ್ರಾನ್ಸಿಸ್ಕೋ ಅಂದರೆ ಇಲ್ಲಿ ಹಳೇ ಊರಿನ ಒಂದು ದೊಡ್ಡ ಚರ್ಚ್ ಮತ್ತು ಮಠ. ನೋಡುವುದನ್ನು ಇಲ್ಲಿಂದ ಶುರು ಮಾಡಿ. ಊರಿನ ಉತ್ತರ ಭಾಗದಲ್ಲಿ ಉಳಿದುಕೊಂಡಿದ್ದರೆ ಮೆಟ್ರೋದಲ್ಲಿ ಬರಬಹುದು. 2023ರ ಡಿಸೆಂಬರ್‌ನಲ್ಲಿ ಶುರುವಾದದ್ದು, ನಾವು ಹೋದಾಗ 45 ಸೆಂಟ್ಸ್ ಟಿಕೆಟ್. ಸಾನ್ ಫ್ರಾನ್ಸಿಸ್ಕೋ ನಿಲ್ದಾಣದಲ್ಲಿ ಮೇಲೆ ಬಂದರೆ ನೇರ ಚೌಕದಲ್ಲೇ ಇರುತ್ತೀರಿ. ಇಳಿಜಾರಾದ ದೊಡ್ಡ ಕಲ್ಲು ಹಾಸಿನ ಚೌಕ, ಬಿಳಿ ಗೋಪುರಗಳ ಚರ್ಚ್, ಅದರ ಹಿಂದೆ ಪಿಚಿಂಚಾ ಬೆಟ್ಟ. ಚರ್ಚ್‌ನ ಮುಖ ಪೂರ್ವಕ್ಕೆ. ಬೆಳಗ್ಗೆ ಎಂಟು ಗಂಟೆಯ ಬಿಸಿಲಿನಲ್ಲಿ ಕಲ್ಲಿನ ಪ್ರತಿ ಅಂಚೂ ಎದ್ದು ಕಾಣುತ್ತದೆ.

ಚೌಕದಿಂದ ಚರ್ಚ್‌ಗೆ ಹತ್ತುವ ಕಲ್ಲಿನ ಮೆಟ್ಟಿಲು ಗಮನಿಸಿ. ಕೆಳಗಿನ ಅರ್ಧ ವೃತ್ತ ಹೊರಕ್ಕೆ ಉಬ್ಬಿದೆ, ಮೇಲಿನದು ಒಳಕ್ಕೆ ಬಾಗಿದೆ. ಮೆಟ್ಟಿಲ ಮೇಲೆ ಚರ್ಚ್ ಮುಂದಿರುವ ಜಗಲಿಯ ಬಗ್ಗೆ ಒಂದು ಕಥೆ ಇದೆ. ಕಾಂತುನ್ಯಾ ಅನ್ನುವ ಸ್ಥಳೀಯ ಮೇಸ್ತ್ರಿ ಹೇಳಿದ ದಿನಕ್ಕೆ ಕೆಲಸ ಮುಗಿಸಲಾಗದೆ ಸೈತಾನನ ಹತ್ತಿರ ಆತ್ಮವನ್ನೇ ಅಡವಿಟ್ಟನಂತೆ. ಬೆಳಗಾಗುವಷ್ಟರಲ್ಲಿ ಕೆಲಸ ಮುಗಿಯಿತು, ಆದರೆ ಒಂದು ಕಲ್ಲು ಕಡಿಮೆ ಇತ್ತು. ಒಪ್ಪಂದ ಮುರಿದು ಅವನು ಉಳಿದುಕೊಂಡ. ಅಲ್ಲಿಯ ಜನ ಈ ಕಥೆ ಹೇಳುವಾಗ ನನಗೆ ನಮ್ಮ ಜಕಣಾಚಾರಿ ನೆನಪಾದ. ಅಷ್ಟು ದೊಡ್ಡ ಕೆಲಸ ಕಂಡಾಗ ಜನಕ್ಕೆ ಒಂದು ಕಥೆ ಬೇಕೇ ಬೇಕು ಅಲ್ವಾ.

ಚರ್ಚ್‌ನ ಕೆಲಸ ಶುರುವಾದದ್ದು 1535ರ ಸುಮಾರಿಗೆ, ಮುಗಿಯುವುದಕ್ಕೆ ಒಂದೂವರೆ ಶತಮಾನ ಹಿಡಿಯಿತು. ಯೋದೋಕೋ ರಿಕೆ ಅನ್ನುವ ಫ್ಲಾಂಡರ್ಸ್ (ಈಗಿನ ಬೆಲ್ಜಿಯಂ) ಕಡೆಯ ಸನ್ಯಾಸಿ ಈ ಮಠದ ಮೂಲಪುರುಷ. 1550ರ ದಶಕದಲ್ಲಿ ಮಠದಲ್ಲಿ ಒಂದು ಶಾಲೆ ತೆರೆದರು, ಹೆಸರು ಸಾನ್ ಆಂದ್ರೇಸ್. ಸ್ಥಳೀಯ ಮಕ್ಕಳಿಗೆ ಓದು ಬರಹದ ಜೊತೆ ಚಿತ್ರ, ಕೆತ್ತನೆ, ಸಂಗೀತ ಕಲಿಸಿದರು. ಕಲಿಸಿದ್ದು ತಮ್ಮ ಚರ್ಚ್‌ಗಳಿಗೆ ಕೆಲಸಗಾರರು ಬೇಕು ಅಂತಲೇ. ಹೊರಗೆ ಅದೇ ಜನ ಬಲವಂತದ ದುಡಿಮೆಯಲ್ಲಿ ಕಲ್ಲು ಹೊರುತ್ತಿದ್ದರು. ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡೇ ನೋಡಬೇಕು. ಆ ಮಕ್ಕಳು ಕಲಿತ ವಿದ್ಯೆ ತಲೆಮಾರಿನಿಂದ ತಲೆಮಾರಿಗೆ ಇಳಿದು, ಇನ್ನೂರು ವರ್ಷದ ನಂತರ ಮಾನುಯೆಲ್ ಚಿಲಿ ಅನ್ನುವ ಸ್ಥಳೀಯ ಶಿಲ್ಪಿಯ ಕೈ ಸೇರಿತು. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಕಾಸ್ಪಿಕಾರಾ ಎಂದು. ಕಾಸ್ಪಿ ಅಂದರೆ ಅವರ ಕಿಚುವಾ ಭಾಷೆಯಲ್ಲಿ ಮರ, ಕಾರಾ ಅಂದರೆ ಚರ್ಮ.

ಮೊದಲ ದಿನ ಚರ್ಚ್ ಬಿಟ್ಟು ಪಕ್ಕದ ಮಠದೊಳಗಿನ ಮ್ಯೂಸಿಯಂಗೆ ಹೋಗಿ. ಅಲ್ಲಿ ವಿಗ್ರಹಗಳು ಕಣ್ಣಿನ ಮಟ್ಟದಲ್ಲಿವೆ. ಒಂದೇ ಕೋಣೆ ಆರಿಸಿಕೊಳ್ಳಿ. ಕೈಬೆರಳು ನೋಡಿ, ಉಗುರಿನ ಬುಡ ನೋಡಿ, ಮಣಿಕಟ್ಟಿನ ನರ ನೋಡಿ. ನಿಂತ ಜಾಗದಿಂದ ಒಂದು ಹೆಜ್ಜೆ ಬಲಕ್ಕೆ, ಒಂದು ಹೆಜ್ಜೆ ಎಡಕ್ಕೆ ಸರಿಯಿರಿ. ಗಾಜಿನ ಕಣ್ಣಿನ ಬೆಳಕು ನಿಮ್ಮ ಜೊತೆ ಸರಿಯುತ್ತದೆ. ನಾನು ಒಂದು ದೇವದೂತನ ಮುಂದೆ ಒಂದು ಗಂಟೆ ನಿಂತಿದ್ದೆ. ಮಡಿಕೆ ಬಿದ್ದ ಬಟ್ಟೆಯ ತುದಿ ಎಷ್ಟು ತೆಳುವಾಗಿತ್ತೆಂದರೆ ಅಲ್ಲಿ ಮರದ ನಾರು ಅಡ್ಡ ಬಂದಿದ್ದರೆ ಉಳಿ ತಾಗಿದ ಕೂಡಲೇ ಮುರಿಯಬೇಕಿತ್ತು. ಆ ಕೈ ಮರದ ತುಂಡು ಆರಿಸುವಾಗಲೇ ಮಡಿಕೆ ಯಾವ ದಿಕ್ಕಿಗೆ ಬೀಳಬೇಕೆಂದು ಲೆಕ್ಕ ಹಾಕಿದೆ. ಕಾವಲಿಗಿದ್ದ ಹೆಂಗಸು ಎರಡು ಸಲ ಬಂದು ನೋಡಿದರು. ಮೂರನೇ ಸಲ ಒಂದು ಕುರ್ಚಿ ತಂದಿಟ್ಟರು.

ಮ್ಯೂಸಿಯಂ ಕಡೆಯಿಂದಲೇ ಚರ್ಚ್‌ನ ಹಿಂಬದಿಯ ಮಾಳಿಗೆಗೆ, ಅಂದರೆ ಭಜನೆಯವರು ಕೂರುವ ಜಾಗಕ್ಕೆ ಹತ್ತಬಹುದು. ಬಿಡಲೇಬೇಡಿ. ತಲೆ ಎತ್ತಿದರೆ ಮರದ ಪಟ್ಟಿಗಳನ್ನು ನಕ್ಷತ್ರದ ಆಕಾರದಲ್ಲಿ ಹೆಣೆದ ಸೂರು. ಸ್ಪೇನಿನ ಮುಸ್ಲಿಂ ಬಡಗಿಗಳ ಪದ್ಧತಿ ಅದು. 1755ರ ಭೂಕಂಪದಲ್ಲಿ ಚರ್ಚ್‌ನ ನಡುವಿನ ಸೂರು ಹಾಳಾಗಿ ಬೇರೆ ಹಾಕಿದರು. ಮಾಳಿಗೆಯ ಮೇಲಿನ ಹಳೆಯದು ಉಳಿಯಿತು.

ಎರಡನೇ ದಿನ ಚರ್ಚ್ ಒಳಗೆ. ಅಲ್ಲಿ ದಿನವೂ ಪೂಜೆ ನಡೆಯುತ್ತದೆ. ಟೋಪಿ ತೆಗೆಯಿರಿ, ಪೂಜೆ ನಡೆಯುವಾಗ ಓಡಾಡಬೇಡಿ, ಹಿಂದಿನ ಸಾಲಿನಲ್ಲಿ ಕುಳಿತು ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ. ಮುಖ್ಯ ಬಲಿಪೀಠದ ನಡುವೆ ನೀವು ನೋಡಬೇಕಾದವಳು ಇದ್ದಾಳೆ. 1734ರಲ್ಲಿ ಬೆರ್ನಾರ್ದೋ ದೆ ಲೆಗಾರ್ದಾ ಕೆತ್ತಿದ ಕೀತೋದ ಕನ್ಯೆ. ನನ್ನ ಸೋದರಳಿಯ ಫೋನಿನಲ್ಲಿ ತೋರಿಸಿದ್ದು ಇವಳನ್ನೇ.

ದುರ್ಬೀನು ಹಿಡಿಯಿರಿ. ಮೇರಿ ಮಾತೆ, ಆದರೆ ಬೆನ್ನಿಗೆ ರೆಕ್ಕೆ ಇದೆ. ಕಾಲ ಕೆಳಗೆ ಸರ್ಪ, ಕೈಯಲ್ಲಿ ಅದಕ್ಕೆ ಕಟ್ಟಿದ ಸರಪಳಿ. ತಲೆ ಒಂದು ಕಡೆಗೆ, ಸೊಂಟ ಇನ್ನೊಂದು ಕಡೆಗೆ, ಮೊಣಕಾಲು ಮತ್ತೆ ಈ ಕಡೆಗೆ. ಬೇಲೂರಿನ ಮದನಿಕೆಯರ ತ್ರಿಭಂಗಿ ನೋಡಿ ಬೆಳೆದ ಕಣ್ಣಿಗೆ ಅದು ಥಟ್ಟನೆ ಹೊಳೆಯುತ್ತದೆ. ಅಲ್ಲಿಯ ಜನ ಕೂಡ ಅವಳನ್ನು ಕುಣಿಯುವ ಕನ್ಯೆ ಅನ್ನುತ್ತಾರೆ. ಬೇಲೂರಿಗೂ ಕೀತೋಗೂ ಯಾವ ಸಂಬಂಧವೂ ಇಲ್ಲ. ನಿಂತ ಮೈಯೊಳಗೆ ಚಲನೆ ತುಂಬಬೇಕು ಅಂದಾಗ ಇಬ್ಬರು ಶಿಲ್ಪಿಗಳೂ ಅದೇ ಮೂರು ಬಾಗು ಕಂಡುಕೊಂಡರು. ನನ್ನ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ಜಪಮಾಲೆ ಹಿಡಿದಿದ್ದ ಅಜ್ಜಿ ನನ್ನ ಕೈ ತಟ್ಟಿದರು.

ಬೇಲೂರಿನಲ್ಲಿ ನಮ್ಮ ಬಳ್ಳಿಗಾವಿಯ ದಾಸೋಜ ಪೀಠದ ಮೇಲೆ ತನ್ನ ಹೆಸರು ಕೊರೆದ. ಕೀತೋದ ಶಿಲ್ಪಿಗಳಲ್ಲಿ ಬಹಳ ಜನ ಹಾಗೆ ಹೆಸರು ಬಿಟ್ಟುಹೋಗಲಿಲ್ಲ. ಲೆಗಾರ್ದಾ, ಕಾಸ್ಪಿಕಾರಾನಂಥ ಕೆಲವರನ್ನು ಬಿಟ್ಟರೆ ಉಳಿದ ಎಷ್ಟೋ ಕೈಗಳು ಯಾರವೆಂದು ಗೊತ್ತಿಲ್ಲ. ಚರ್ಚ್‌ನಿಂದ ಹೊರಡುವ ಮೊದಲು ಹೆಸರಿಲ್ಲದ ಒಂದು ವಿಗ್ರಹದ ಮುಂದೆಯೂ ಅಷ್ಟೇ ಹೊತ್ತು ನಿಲ್ಲಿ. ಇದು ನನ್ನ ಕೋರಿಕೆ.

ಚಿನ್ನದ ಚರ್ಚ್

ಲಾ ಕೊಂಪಾನ್ಯಿಯಾ ಅನ್ನುವುದು ಜೆಸುಯಿಟರ, ಅಂದರೆ ಕ್ಯಾಥೊಲಿಕ್ ಸನ್ಯಾಸಿಗಳ ಒಂದು ಪಂಥದವರ, ಚರ್ಚ್. ಸಾನ್ ಫ್ರಾನ್ಸಿಸ್ಕೋ ಚೌಕದಿಂದ ಐದು ನಿಮಿಷ. 1605ರಲ್ಲಿ ಶುರು, 1765ರಲ್ಲಿ ಮುಕ್ತಾಯ, 160 ವರ್ಷ. ಮುಗಿದ ಎರಡೇ ವರ್ಷಕ್ಕೆ, 1767ರಲ್ಲಿ, ಸ್ಪೇನಿನ ದೊರೆ ಜೆಸುಯಿಟರನ್ನು ತನ್ನ ರಾಜ್ಯದಿಂದಲೇ ಓಡಿಸಿದ.

ಒಳಗೆ ಹೋದ ಕೂಡಲೇ ಕಣ್ಣು ಕುಕ್ಕುತ್ತದೆ. ಗೋಡೆ, ಕಂಬ, ಸೂರು ಎಲ್ಲ ಚಿನ್ನದ ರೇಕು. ಒಮ್ಮೆಗೇ ನೋಡಿದರೆ ಏನೂ ಉಳಿಯುವುದಿಲ್ಲ. ಹೀಗೆ ಮಾಡಿ: ಒಂದು ಕಂಬ ಹಿಡಿದು ಬುಡದಿಂದ ತುದಿಯವರೆಗೆ ಕಣ್ಣು ಹರಿಸಿ. ಚಿನ್ನ ಸವೆದ ಕಡೆ ಕೆಂಪು ಜೇಡಿ ಇಣುಕುತ್ತದೆ, ಅಲ್ಲಿಂದ ಮರದವರೆಗಿನ ಪದರಗಳನ್ನು ಊಹಿಸಬಹುದು. ಮುಖ್ಯ ಬಲಿಪೀಠಕ್ಕೆ ಚಿನ್ನ ಹಾಕಿದವನೂ ಆ ಲೆಗಾರ್ದಾನೇ. ಹೊರಗಿನ ಮುಖದ ಕಲ್ಲು ಜ್ವಾಲಾಮುಖಿಯದು, ಕಪ್ಪು ಬೂದು ಬಣ್ಣ. ಹಗ್ಗ ಹೊಸೆದಂತೆ ತಿರುಚಿದ ಕಂಬಗಳಿವೆ. ಮುಖದ ಕೆಲಸ 1722ರಲ್ಲಿ ಹಿಡಿದು, ನಡುವೆ ಹತ್ತಾರು ವರ್ಷ ನಿಂತು, 1765ರಲ್ಲಿ ಮುಗಿಯಿತು. 1996ರಲ್ಲಿ ಒಳಗೆ ಬೆಂಕಿ ಬಿದ್ದು ಒಂದು ಭಾಗ ಸುಟ್ಟಿತು. ಈಗ ಸರಿಪಡಿಸಿದ್ದಾರೆ.

ಉಳಿದದ್ದು ಬೇಗ ಹೇಳುತ್ತೇನೆ. ದೊಡ್ಡ ಚೌಕ ಅಂದರೆ ಪ್ಲಾಸಾ ಗ್ರಾಂದೆ, ಒಂದು ಕಡೆ ರಾಷ್ಟ್ರಪತಿಯ ಅರಮನೆ, ಇನ್ನೊಂದು ಕಡೆ ಕ್ಯಾಥೆಡ್ರಲ್. ಅಲ್ಲಿ ಕಾಸ್ಪಿಕಾರಾನ ಕೆಲಸ ಇದೆ. 1822ರ ಮೇ 24ರಂದು ಪಿಚಿಂಚಾ ಯುದ್ಧ ಗೆದ್ದು ಕೀತೋವನ್ನು ಸ್ಪೇನಿನಿಂದ ಬಿಡಿಸಿದ ಸೂಕ್ರೆಯ ಸಮಾಧಿಯೂ ಅಲ್ಲೇ. ಸಾನ್ ಅಗುಸ್ತೀನ್ ಮಠದ ಸಭಾಂಗಣದ ಕೆತ್ತನೆಯ ಸೂರಿಗೆ ಅರ್ಧ ಗಂಟೆ ಕೊಡಿ. ಸಾನ್ ಫ್ರಾನ್ಸಿಸ್ಕೋ ಹತ್ತಿರದ ಕಾಸಾ ದೆಲ್ ಅಲಬಾದೋ ಅನ್ನುವ ಮನೆಯ ಬಾಗಿಲ ಕಲ್ಲಿನಲ್ಲಿ 1671 ಅಂತ ಕೆತ್ತಿದ್ದಾರೆ. ಒಳಗೆ ಸ್ಪೇನಿನವರು ಬರುವ ಮೊದಲಿನ ಮಣ್ಣಿನ, ಕಲ್ಲಿನ ಗೊಂಬೆಗಳಿವೆ. ಆ ಗೊಂಬೆಗಳನ್ನು ನೋಡಿದರೆ ಸಾನ್ ಆಂದ್ರೇಸ್ ಶಾಲೆಗೆ ಬಂದ ಮಕ್ಕಳ ಹಿರಿಯರ ಕೈಯಲ್ಲಿ ಮೊದಲೇ ಎಷ್ಟು ಕಲೆ ಇತ್ತೆಂದು ಗೊತ್ತಾಗುತ್ತದೆ.

ಗಾರ್ಸಿಯಾ ಮೊರೇನೋ ಬೀದಿಯನ್ನು ಏಳು ಶಿಲುಬೆಯ ಬೀದಿ ಅಂತಲೂ ಕರೆಯುತ್ತಾರೆ. ಅದರಲ್ಲಿ ದಕ್ಷಿಣಕ್ಕೆ ನಡೆದರೆ ಕಾರ್ಮೆನ್ ಆಲ್ತೋ ಮಠ. ಹೊರಗೆ ಕಾಣಿಸಿಕೊಳ್ಳದ ಸನ್ಯಾಸಿನಿಯರು ಅಲ್ಲಿದ್ದಾರೆ. ಗೋಡೆಯಲ್ಲಿ ತಿರುಗುವ ಒಂದು ಮರದ ಪೀಪಾಯಿ ಇದೆ. ದುಡ್ಡಿಟ್ಟು ಬೇಕಾದದ್ದು ಹೇಳಿದರೆ ಅದು ತಿರುಗಿ ಬಿಸ್ಕತ್ತೋ ಜೇನೋ ಬರುತ್ತದೆ. ಮುಖ ಕಾಣುವುದಿಲ್ಲ, ದನಿ ಮಾತ್ರ. ಆ ಪೀಪಾಯಿಯ ಅಂಚು ಕೈ ತಾಗಿ ತಾಗಿ ಕನ್ನಡಿಯಾಗಿದೆ.

ಹೊಟ್ಟೆಗೆ

ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಆಲೂಗಡ್ಡೆ, ಶೇಂಗಾ ಎರಡೂ ದಕ್ಷಿಣ ಅಮೆರಿಕದಿಂದಲೇ ನಮಗೆ ಬಂದದ್ದು. ಅಲ್ಲಿ ಅವುಗಳ ಅಡುಗೆ ಕೇಳಬೇಕೇ. ಲೋಕ್ರೋ ಅಂದರೆ ಆಲೂಗಡ್ಡೆಯ ಗಟ್ಟಿ ಸಾರು, ಮೇಲೆ ಚೀಸ್ ಮತ್ತು ಬೆಣ್ಣೆಹಣ್ಣು. ಯಾಪಿಂಗಾಚೋ ಅಂದರೆ ಚೀಸ್ ತುಂಬಿ ಕಾವಲಿಯಲ್ಲಿ ಸುಟ್ಟ ಆಲೂಗಡ್ಡೆಯ ಬಿಲ್ಲೆ, ಜೊತೆಗೆ ಶೇಂಗಾ ಗೊಜ್ಜು. ಆದರೆ ಸಾರಿಗೆ ಕೋಳಿಯ ನೀರು ಹಾಕಿರಬಹುದು, ತಟ್ಟೆಯ ಪಕ್ಕದಲ್ಲಿ ಮಾಂಸ ಇಟ್ಟಿರಬಹುದು. "ಸಿನ್ ಕಾರ್ನೆ, ಸಿನ್ ಪೊಯ್ಯೋ, ಸಿನ್ ಪೆಸ್ಕಾದೋ" ಅಂತ ಬಾಯಿಪಾಠ ಮಾಡಿ. ಮಾಂಸ, ಕೋಳಿ, ಮೀನು ಬೇಡ ಅಂತ ಅರ್ಥ. ಸುಮ್ನೆ ಮಾಂಸ ಬೇಡ ಅಂದರೆ ಕೋಳಿ ಬಂದುಬಿಡುತ್ತದೆ.

ಮಧ್ಯಾಹ್ನದ ಊಟಕ್ಕೆ ಅಲ್ಮುಯೆರ್ಸೋ ಅಂತ ಬೋರ್ಡ್ ಇರುವ ಸಣ್ಣ ಹೋಟೆಲ್ ಸಾಕು. ಸಾರು, ಅನ್ನದ ತಟ್ಟೆ, ಹಣ್ಣಿನ ರಸ ಸೇರಿ ಕೆಲವೇ ಡಾಲರ್. ಬೀದಿಯಲ್ಲಿ ಚೋಚೋ ಸಿಗುತ್ತದೆ, ನೆನೆಹಾಕಿ ಕಹಿ ತೆಗೆದ ಬಿಳಿ ಕಾಳು, ಹುರಿದ ಜೋಳದ ಜೊತೆ. ಮೊರೋಚೋ ಬಿಡಬೇಡಿ. ಬಿಳಿ ಮುಸುಕಿನ ಜೋಳದ ನುಚ್ಚನ್ನು ಹಾಲಲ್ಲಿ ಬೇಯಿಸಿ ದಾಲ್ಚಿನ್ನಿ, ಒಣದ್ರಾಕ್ಷಿ ಹಾಕಿರುತ್ತಾರೆ. ಬಿಸಿ ಲೋಟ ಕೈಯಲ್ಲಿ ಹಿಡಿದರೆ ಮನೆಯ ಪಾಯಸವೇ. ಈಸ್ಟರ್ ಹಬ್ಬದ ಮುಂಚಿನ ವಾರಗಳಲ್ಲಿ ಹೋದರೆ ಫಾನೆಸ್ಕಾ ಅನ್ನುವ 12 ಕಾಳುಗಳ ಸಾರು ಮಾಡುತ್ತಾರೆ, ಆದರೆ ಅದಕ್ಕೆ ಒಣಮೀನು ಬೀಳುತ್ತದೆ.

ಎಚ್ಚರ

ಇತ್ತೀಚಿನ ವರ್ಷಗಳಲ್ಲಿ ಆ ದೇಶದಲ್ಲಿ ಅಪರಾಧ ಜಾಸ್ತಿಯಾಗಿದೆ. ಮುಚ್ಚಿಡುವ ಮಾತಲ್ಲ. ಹೊರಡುವ ವಾರದ ಸುದ್ದಿ ನೋಡಿ. ಹಳೇ ಊರು ಹಗಲಲ್ಲಿ ಗಿಜಿಗುಡುತ್ತದೆ, ಕತ್ತಲಾದ ಮೇಲೆ ಹೆಚ್ಚಿನ ಬೀದಿಗಳು ಖಾಲಿ. ಏಳು ಗಂಟೆಯ ನಂತರ ನಡೆಯಬೇಡಿ, ಹೋಟೆಲ್‌ನವರಿಂದ ಟ್ಯಾಕ್ಸಿ ಕರೆಸಿ. ತುಂಬಿದ ಬಸ್ಸಿನಲ್ಲಿ ನನ್ನ ಸೋದರಳಿಯನ ಜೇಬಿನಿಂದ ಫೋನ್ ಹೋಯಿತು. ಪಾಸ್‌ಪೋರ್ಟ್ ರೂಮಿನಲ್ಲಿಟ್ಟು ಪ್ರತಿ ಮಾತ್ರ ಒಯ್ಯುತ್ತಿದ್ದೆವು, ಅದೊಂದು ಉಳಿಯಿತು.

ಹಳೇ ಊರಿನ ದಕ್ಷಿಣಕ್ಕೆ ಪಾನೆಸಿಯ್ಯೋ ಅನ್ನುವ ಗುಡ್ಡ. ಅದರ ಮೇಲೆ ಲೆಗಾರ್ದಾನ ಕನ್ಯೆಯನ್ನೇ 1970ರ ದಶಕದಲ್ಲಿ ಅಲ್ಯೂಮಿನಿಯಂ ತುಂಡುಗಳಿಂದ ಬೃಹತ್ತಾಗಿ ಮಾಡಿ ನಿಲ್ಲಿಸಿದ್ದಾರೆ. ಊರಿನ ಬಹಳ ಕಡೆಯಿಂದ ಕಾಣುತ್ತಾಳೆ. ಅಲ್ಲಿಗೆ ಮೆಟ್ಟಿಲಿನ ದಾರಿ ಇದೆ. ನಡೆದು ಹೋಗಬೇಡಿ, ದರೋಡೆಯ ಭಯವಿದೆ. ಟ್ಯಾಕ್ಸಿ ಮಾಡಿ, ಅದನ್ನು ಅಲ್ಲೇ ಕಾಯಿಸಿ, ಅದರಲ್ಲೇ ಇಳಿಯಿರಿ. ಮೇಲಿಂದ ಇಡೀ ಹಳೇ ಊರು ಹಂಚಿನ ಮಾಡುಗಳ ಸಾಲಾಗಿ ಕಾಣುತ್ತದೆ.

ಲಾ ರೋಂದಾ

ಕೊನೆಗೆ ಲಾ ರೋಂದಾ ಬೀದಿಗೆ ಬನ್ನಿ. ಕಿರಿದಾದ, ಬಾಗುತ್ತಾ ಹೋಗುವ ಬೀದಿ. ಹಳೆಯ ಮನೆಗಳಲ್ಲಿ ಕುಶಲಕರ್ಮಿಗಳ ಅಂಗಡಿಗಳಿವೆ. ತಗಡಿನ ಕೆಲಸ, ಟೋಪಿ, ಮರದ ಆಟಿಕೆ. ಜನ ಸಂಜೆ ಹಾಡು ಕೇಳಲು, ದಾಲ್ಚಿನ್ನಿ ಹಾಕಿದ ಬಿಸಿ ಮದ್ಯ ಕುಡಿಯಲು ಬರುತ್ತಾರೆ. ಕೆಲಸ ನೋಡಬೇಕೆಂದರೆ ಬೆಳಗ್ಗೆ ಹನ್ನೊಂದಕ್ಕೆ ಹೋಗಿ.

ಒಬ್ಬ ಬಡಗಿಯ ಅಂಗಡಿಯಲ್ಲಿ ನಾವು ಎರಡು ಗಂಟೆ ಕಳೆದೆವು. ಅವರು ಎತ್ತರದ ಮೇಜಿಗೆ ಮರ ಬಿಗಿದು ನಿಂತು ಕೆಲಸ ಮಾಡುತ್ತಿದ್ದರು. ನಾನು ನೆಲದಲ್ಲಿ ಕುಳಿತು ಪಾದಗಳ ನಡುವೆ ಮರ ಹಿಡಿದು ತೋರಿಸಿದೆ. ಅವರು ಕೆಳಗೆ ಬಗ್ಗಿ ನನ್ನ ಹೆಬ್ಬೆರಳನ್ನೇ ನೋಡಿದರು, ಉಳಿ ಜಾರಿದರೆ ಕಾಲು ಹೋಗುವುದಿಲ್ಲವೇ ಅಂತ ಸೋದರಳಿಯನ ಮೂಲಕ ಕೇಳಿದರು. ಉಳಿಯನ್ನು ಯಾವಾಗಲೂ ಮೈಯಿಂದ ಹೊರಕ್ಕೆ ತಳ್ಳುತ್ತೇವೆ, ಕೊಡತಿ ಪೆಟ್ಟು ಸಣ್ಣದಿರುತ್ತದೆ ಅಂದೆ. ಅವರು ಸೆದ್ರೋದ ಒಂದು ಹಿಡಿ ಹೊಟ್ಟು ಕೊಟ್ಟರು. ಮೂಸಿದೆ. ಗಂಧದ ತಂಪು ಅದರಲ್ಲಿಲ್ಲ, ಮೆಣಸಿನ ಹಾಗೆ ಒಂದು ಬೆಚ್ಚನೆ ಗಾಟು ಇದೆ. ಅದನ್ನು ಕಾಗದದಲ್ಲಿ ಸುತ್ತಿಕೊಂಡೆ.

ಮಾತನಾಡಿಸುವ ಮುನ್ನ "ಬುಯೆನೋಸ್ ದಿಯಾಸ್" ಅಂತ ಹೇಳಿ ಒಳಗೆ ಹೋಗಿ. ಅಲ್ಲಿ ನಮಸ್ಕಾರ ಹೇಳದೆ ಬೆಲೆ ಕೇಳಿದರೆ ಮುಖ ಬಾಡುತ್ತದೆ. ಕೈಯಲ್ಲಿ ಮಾಡಿದ ವಸ್ತುವಿಗೆ ಚೌಕಾಸಿ ಮಾಡಬೇಡಿ. ಆ ದುಡ್ಡಿನಲ್ಲಿ ಎಷ್ಟು ಹೊತ್ತಿನ ದುಡಿಮೆ ಇದೆಯೆಂದು ನನಗೆ ಗೊತ್ತು.

ಅಲ್ಲಿ ಮರದ ಬುಗುರಿ ಮಾರುತ್ತಾರೆ, ತ್ರೋಂಪೋ ಅನ್ನುತ್ತಾರೆ. ನಮ್ಮದರ ಹಾಗೆಯೇ ದಾರ ಸುತ್ತಿ ಬೀಸಿ ಬಿಡುವುದು, ತುದಿಗೆ ಕಬ್ಬಿಣದ ಮೊಳೆ. ಬಡಗಿ ಅಂಗೈಯಲ್ಲಿ ಆಡಿಸಿ ತೋರಿಸಿದರು, ನಾನೂ ಆಡಿಸಿದೆ. ಮನೆಯ ಮಕ್ಕಳಿಗೆ ಮೂರು ಕೊಂಡೆ. ನೀವು ಕೊಂಡರೆ ಮೊಳೆ ಇರುವುದರಿಂದ ಕೈಚೀಲದಲ್ಲಿ ಇಡಬೇಡಿ, ವಿಮಾನದ ಹೊಟ್ಟೆಗೆ ಹೋಗುವ ದೊಡ್ಡ ಪೆಟ್ಟಿಗೆಗೆ ಹಾಕಿ. ಉಳಿ, ಚಾಕು ಕೊಂಡರೂ ಹಾಗೆಯೇ.